ದೇಹೂ ರೋಡ್ ಸುತ್ತಮುತ್ತ

ಪುಣೆಯಿಂದ ಮುಂಬೈ ಕಡೆಗೆ ಹಳೆಯ ಹೆದ್ದಾರಿಯಲ್ಲಿ ಸುಮಾರು 25 ಕಿ.ಮೀ. ಹೋದರೆ ದೇಹೂ ರೋಡ್ ಸಿಗುತ್ತದೆ. ಇದು ಸೇನೆಯ ಊರು. ಮದ್ದುಗುಂಡಿನ ಡಿಪೋ ಸುತ್ತ ಬೆಳೆದ ಈ ವಸತಿಗೆ 1958ರಲ್ಲಿ ದಂಡುಪ್ರದೇಶದ ಆಡಳಿತ ಬಂತು. ಪ್ರವಾಸಿಗರನ್ನು ಸೆಳೆಯುವ ಸಫಾರಿ ಕಾಡಾಗಲಿ, ಕಡಲ ತೀರವಾಗಲಿ ಇಲ್ಲಿಲ್ಲ. ಹಾಗಾಗಿ ಅಲಿಬಾಗ್‌ನ ಕಡಲಿಗೋ ಲೋಣಾವಳದ ಮಳೆಗೋ ಹೊರಟವರು ಇಲ್ಲಿ ಇಳಿಯುವುದು ಕಡಿಮೆ. ಆದರೆ ಇಲ್ಲಿಂದ ಪಶ್ಚಿಮಕ್ಕೆ ಒಂದೆರಡು ದಿನದ ಓಡಾಟದಲ್ಲಿ ಎರಡು ಸಾವಿರ ವರ್ಷಗಳ ಭಕ್ತಿಯ ಚರಿತ್ರೆ ಕಾಣಸಿಗುತ್ತದೆ. ಅದರಲ್ಲಿ ಕನ್ನಡ ನಾಡಿನ ಪಾಲೂ ಇದೆ.

ಊರೊಳಗೇ ನೋಡಬೇಕಾದದ್ದು ಬುದ್ಧವಿಹಾರ. 1954ರ ಡಿಸೆಂಬರ್‌ನಲ್ಲಿ ಬರ್ಮಾದ ಬೌದ್ಧ ಸಮ್ಮೇಳನಕ್ಕೆ ಹೋಗಿದ್ದ ಡಾ. ಬಿ.ಆರ್. ಅಂಬೇಡ್ಕರ್, ರಂಗೂನಿನಿಂದ ಬಂದ ಬುದ್ಧನ ಮೂರ್ತಿಯನ್ನು ಡಿಸೆಂಬರ್ 25ರಂದು ಇಲ್ಲಿ ಪ್ರತಿಷ್ಠಾಪಿಸಿದರು. ನಾಗಪುರದಲ್ಲಿ ಅವರು ಬೌದ್ಧ ಧರ್ಮ ಸ್ವೀಕರಿಸಿದ ಧಮ್ಮದೀಕ್ಷೆಗೆ ಆಗ ಇನ್ನೂ ಸುಮಾರು ಎರಡು ವರ್ಷ ಬಾಕಿಯಿತ್ತು. ಬೌದ್ಧ ಧರ್ಮವನ್ನು ಸಾಮಾನ್ಯರಿಗೆ ತಿಳಿಯುವಂತೆ ವಿವರಿಸುವ ಪುಸ್ತಕವೊಂದನ್ನು ಬರೆಯುತ್ತಿರುವುದಾಗಿ ಅವರು ಆ ದಿನದ ಭಾಷಣದಲ್ಲಿ ತಿಳಿಸಿದರು. ಪಂಢರಪುರದ ವಿಠೋಬ ಮೂಲತಃ ಬುದ್ಧನೇ, ಈ ಬಗ್ಗೆ ಪ್ರಬಂಧ ಬರೆಯುತ್ತೇನೆ ಎಂದೂ ಹೇಳಿದರು. ಪುಸ್ತಕ ಅವರ ನಿಧನದ ನಂತರ 1957ರಲ್ಲಿ ಹೊರಬಂತು, ಪ್ರಬಂಧ ಪೂರ್ತಿಯಾಗಲಿಲ್ಲ. ವಿಠ್ಠಲನ ಮಾತು ಬಂದ ಜಾಗವೂ ಗಮನಿಸುವಂಥದ್ದು. ಅವನ ದೊಡ್ಡ ಭಕ್ತ ತುಕಾರಾಮನ ಹುಟ್ಟೂರು ಅಲ್ಲಿಂದ ಕೆಲವೇ ಕಿ.ಮೀ. ದೂರದಲ್ಲಿದೆ.

ರೈಲು ನಿಲ್ದಾಣಕ್ಕೆ ಹೆಸರು ಕೊಟ್ಟ ದೇಹೂ ಗ್ರಾಮ ಇಂದ್ರಾಯಣಿ ನದಿಯ ದಂಡೆಯಲ್ಲಿದೆ. 17ನೇ ಶತಮಾನದ ಮೊದಲರ್ಧದಲ್ಲಿ ಬಾಳಿದ ತುಕಾರಾಮ ಇಲ್ಲಿ ಅಂಗಡಿ ನಡೆಸಿ ಕೈಸುಟ್ಟುಕೊಂಡ, ಬರಗಾಲದಲ್ಲಿ ಹೆಂಡತಿಯನ್ನು ಕಳೆದುಕೊಂಡ, ಅಭಂಗಗಳೆಂಬ ಭಕ್ತಿಗೀತೆಗಳನ್ನು ಕಟ್ಟಿದ. ಶೂದ್ರನೊಬ್ಬ ಧರ್ಮ ಹೇಳುವುದೇ ಎಂದು ಸಿಟ್ಟಾದವರು ಅವುಗಳನ್ನು ಬರೆದ ಹೊತ್ತಿಗೆಗಳನ್ನು ಹೊಳೆಗೆ ಹಾಕಿಸಿದರು, ಹದಿಮೂರು ದಿನ ಅವನು ದಡದ ಬಂಡೆಯ ಮೇಲೆ ಉಪವಾಸ ಕೂತ ಮೇಲೆ ಅವು ನೆನೆಯದೆ ತೇಲಿಬಂದವು ಎಂಬುದು ಜನರ ನಂಬಿಕೆ. ಆ ಬಂಡೆಯನ್ನು ಇಟ್ಟಿರುವ ಶಿಲಾಮಂದಿರದ ಹೊಸ ಕಟ್ಟಡ 2022ರ ಜೂನ್ 14ರಂದು ಉದ್ಘಾಟನೆಯಾಯಿತು. ಹೊಳೆಯ ಬದಿಯ ಗಾಥಾ ಮಂದಿರದಲ್ಲಿ ಗೋಡೆಗಳ ತುಂಬ ಅಭಂಗಗಳನ್ನೇ ಕೆತ್ತಿದ್ದಾರೆ. ಅವನು ಏಕಾಂತಕ್ಕೆ ಹೋಗುತ್ತಿದ್ದ ಭಂಡಾರಾ ಗುಡ್ಡವೂ ಹತ್ತಿರದಲ್ಲೇ ಇದೆ. ಕನ್ನಡಿಗರಿಗೆ ಈ ಕಥೆ ಹೊಸದಲ್ಲ: 1963ರ ‘ಸಂತ ತುಕಾರಾಂ’ ಚಿತ್ರದಲ್ಲಿ ಡಾ. ರಾಜ್‌ಕುಮಾರ್ ನಟಿಸಿದ್ದರು.

ಆಷಾಢ ಏಕಾದಶಿಗೆ ಮೂರು ವಾರ ಮುಂಚೆ ಇಲ್ಲಿಂದ ತುಕಾರಾಮನ ಪಾದುಕೆ ಹೊತ್ತ ಪಲ್ಲಕ್ಕಿ ಪಂಢರಪುರಕ್ಕೆ ಹೊರಡುತ್ತದೆ. 1685ರಲ್ಲಿ ಈ ಪದ್ಧತಿ ಹಾಕಿಕೊಟ್ಟವನು ಅವನ ಮಗ ನಾರಾಯಣ. ವಾರಕರಿಗಳೆಂಬ ಲಕ್ಷಾಂತರ ವಿಠ್ಠಲಭಕ್ತರು ತಾಳ ಹಾಕುತ್ತ ನಡೆಯುವ ಆ ದಿನಗಳಲ್ಲಿ ಬರುವವರು ಜನಜಂಗುಳಿಗೆ ಸಿದ್ಧರಾಗಿಯೇ ಬರಬೇಕು.

ಹೆದ್ದಾರಿಗೆ ಮರಳಿ ಪಶ್ಚಿಮಕ್ಕೆ ಸ್ವಲ್ಪ ಸಾಗಿದರೆ ಶೇಲಾರವಾಡಿಯ ಘೋರಾಡೇಶ್ವರ ಬೆಟ್ಟ. ಬೌದ್ಧ ಭಿಕ್ಷುಗಳಿಗಾಗಿ ಕೊರೆದ ಗುಹೆಯಲ್ಲೀಗ ಶಿವಲಿಂಗವಿದ್ದು, ಶಿವರಾತ್ರಿಗೆ ಜನ ಸೇರುತ್ತಾರೆ. ಇಲ್ಲಿನ ಒಂದು ಶಾಸನದ ಪ್ರಕಾರ ಗುಹೆಯ ದಾನಿ ರಾಣಿಯಲ್ಲ, ನೇಗಿಲು ಹಿಡಿಯುವ ಗೃಹಸ್ಥನ ಹೆಂಡತಿ.

ಇಡೀ ದಾರಿಯಲ್ಲಿ ಒಂದೇ ಜಾಗಕ್ಕೆ ಸಮಯವಿದ್ದರೆ ಕಾರ್ಲಾ ಗುಹೆಗಳಿಗೆ ಹೋಗುವುದು ಮೇಲು. ಲೋಣಾವಳದ ಹತ್ತಿರದ ಈ ಬೆಟ್ಟದಲ್ಲಿ ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಕೊರೆದ ಚೈತ್ಯಾಲಯ, ಅಂದರೆ ಬೌದ್ಧರ ಪ್ರಾರ್ಥನಾಮಂದಿರವಿದೆ. ಸುಮಾರು 38 ಮೀಟರ್ ಉದ್ದ, 14 ಮೀಟರ್ ಅಗಲದ ಅದು ಭಾರತದ ಬಂಡೆಗಲ್ಲಿನ ಚೈತ್ಯಗಳಲ್ಲಿ ಅತಿ ದೊಡ್ಡದು. ಎರಡೂ ಬದಿಯ ಕಂಬಗಳ ನೆತ್ತಿಯಲ್ಲಿ ಆನೆಯೇರಿದ ಜೋಡಿಗಳು. ಮೇಲೆ ಕಮಾನಿನಂತೆ ಬಾಗಿದ ಮರದ ತೊಲೆಗಳು. ಕಲ್ಲಿನ ಛಾವಣಿಗೆ ಈ ತೊಲೆಗಳ ಆಸರೆ ಬೇಕಿಲ್ಲ. ಮರದ ಕಟ್ಟಡಗಳ ರೂಢಿಯನ್ನು ಕಲ್ಲಿನಲ್ಲೂ ಬಿಡಲಾರದೆ ಇಟ್ಟವು ಅವು, ಇವತ್ತಿಗೂ ಉಳಿದಿವೆ. ಕಂಬಗಳ ಮೇಲಿನ ದಾನಿಗಳ ಹೆಸರುಗಳಲ್ಲಿ ಯವನರೂ ಇದ್ದಾರೆ. ಜಂಬೂದ್ವೀಪದಲ್ಲೇ ಶ್ರೇಷ್ಠವಾದ ಈ ಶಿಲಾಭವನವನ್ನು ಮಾಡಿಸಿದವನು ವೈಜಯಂತಿಯ ಶೆಟ್ಟಿ ಭೂತಪಾಲ ಎಂದು ಅಲ್ಲಿನ ಒಂದು ಶಾಸನ ಹೇಳುತ್ತದೆ. ವೈಜಯಂತಿಯನ್ನು ವಿದ್ವಾಂಸರು ಸಾಮಾನ್ಯವಾಗಿ ಉತ್ತರ ಕನ್ನಡದ ಬನವಾಸಿ ಎಂದು ಗುರುತಿಸುತ್ತಾರೆ. ಕದಂಬರು ರಾಜ್ಯ ಕಟ್ಟುವುದಕ್ಕೆ ಬಹಳ ಮುಂಚೆಯೇ ಬನವಾಸಿಯ ವ್ಯಾಪಾರಿಯ ಹಣ ಸಹ್ಯಾದ್ರಿಯ ಈ ಘಟ್ಟದವರೆಗೆ ಹರಿದಿತ್ತು. ಚೈತ್ಯದ ಬಾಗಿಲಲ್ಲೇ ಏಕವೀರಾ ದೇವಿಯ ಗುಡಿಯಿದೆ. ಕೊಂಕಣದ ಕೋಳಿ ಸಮುದಾಯದ ಮೀನುಗಾರರಿಗೆ ಆಕೆ ಕುಲದೇವತೆ.

ಎದುರು ದಿಕ್ಕಿನ ಬೆಟ್ಟದಲ್ಲಿ ಕಾರ್ಲಾಕ್ಕಿಂತ ಹಳೆಯ ಭಾಜೆ ಗುಹೆಗಳು, ಅದರಾಚೆ ಲೋಹಗಡ. ಶಿವಾಜಿ ಗೆದ್ದು, 1665ರ ಪುರಂದರ ಒಪ್ಪಂದದಲ್ಲಿ ಮೊಗಲರಿಗೆ ಬಿಟ್ಟುಕೊಟ್ಟು, 1670ರಲ್ಲಿ ಮರಳಿ ಪಡೆದ ಈ ಕೋಟೆ 2025ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಹನ್ನೆರಡು ಮರಾಠಾ ದುರ್ಗಗಳಲ್ಲೊಂದು.

ಪುಣೆ–ಲೋಣಾವಳ ಲೋಕಲ್ ರೈಲು ಈ ಎಲ್ಲ ಜಾಗಗಳಿಗೂ ಅನುಕೂಲ: ಘೋರಾಡೇಶ್ವರಕ್ಕೆ ಬೇಗಡೇವಾಡಿಯಲ್ಲಿ, ಕಾರ್ಲಾ, ಭಾಜೆ, ಲೋಹಗಡಗಳಿಗೆ ಮಳವಲಿಯಲ್ಲಿ ಇಳಿಯಬೇಕು. ಮಳೆಗಾಲದಲ್ಲಿ ಘಟ್ಟ ಹಸಿರಾಗಿರುತ್ತದೆ, ಆದರೆ ಹೊಳೆಯ ಬಳಿ ಎಚ್ಚರ ಬೇಕು. 2025ರ ಜೂನ್ 15ರಂದು ಇದೇ ಪರಿಸರದ ಕುಂಡಮಳಾದಲ್ಲಿ ಇಂದ್ರಾಯಣಿಯ ಹಳೆಯ ಕಬ್ಬಿಣದ ಸೇತುವೆ ಪ್ರವಾಸಿಗರ ಭಾರಕ್ಕೆ ಕುಸಿದು ನಾಲ್ವರು ಸತ್ತರು. ಬೆಟ್ಟ ಹತ್ತುವವರಿಗೆ ನವೆಂಬರ್‌ನಿಂದ ಫೆಬ್ರುವರಿವರೆಗಿನ ತಿಂಗಳುಗಳೇ ಹಿತ.