ದಿವಿಸೀಮೆ ಮತ್ತೆ ಎದ್ದಿತು

ಮಕ್ಕಳೇ, ನಮ್ಮ ಜಹೀರಾಬಾದ್, ನಾರಾಯಣಖೇಡ್, ತಾಂಡೂರುಗಳಿಗೆ ಸಮುದ್ರ ಬಹು ದೂರ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ನಮಗೆ ಹೆಚ್ಚಾಗಿ ಮಳೆ ಮಾತ್ರ ಬರುತ್ತದೆ. ಕಡಲ ತೀರದವರಿಗೆ ಹಾಗಲ್ಲ.

ಆಂಧ್ರಪ್ರದೇಶದಲ್ಲಿ ಕೃಷ್ಣಾ ನದಿ ಸಮುದ್ರ ಸೇರುವ ಕಡೆ ದಿವಿಸೀಮೆ ಇದೆ. 1977ರ ನವೆಂಬರ್ 19ರಂದು ಅಲ್ಲಿಗೆ ಚಂಡಮಾರುತ ಬಡಿಯಿತು. ಬಿರುಗಾಳಿ ಕಡಲ ನೀರನ್ನು ದಡದ ಮೇಲೆ ನೂಕಿತು. ಗುಡಿಸಲುಗಳು ಮುಳುಗುವಷ್ಟು ನೀರು ಊರೊಳಗೆ ನುಗ್ಗಿತು. ದನಕರು, ದೋಣಿ, ಬಲೆ ಎಲ್ಲವೂ ಕೊಚ್ಚಿಹೋದವು. ಸುಮಾರು 10,000 ಜನ ಸತ್ತರು.

ಉಪ್ಪುನೀರು ನಿಂತ ಗದ್ದೆಯಲ್ಲಿ ಬೆಳೆ ಬಾರದು. ಬಾವಿಯ ನೀರು ಕುಡಿಯಲು ಬಾರದು. ಆದರೂ ಜನರು ಮತ್ತೆ ಊರು ಕಟ್ಟಿದರು. ಸರಕಾರವೂ ಸೇವಾಸಂಸ್ಥೆಗಳೂ ನೆರವಾದವು. ಗಟ್ಟಿ ಮನೆಗಳು ಎದ್ದವು. ಬಿರುಗಾಳಿಯ ಹೊತ್ತಿಗೆ ಜನ ಸೇರಲು ಎತ್ತರದ ಆಶ್ರಯ ಕಟ್ಟಡಗಳು ಬಂದವು. ಗಾಳಿ ತಡೆಯಲು ತೀರದಲ್ಲಿ ಸರ್ವೆ ಮರಗಳನ್ನು ನೆಟ್ಟರು.

1990ರ ಮೇ ತಿಂಗಳಲ್ಲಿ ಅದೇ ತೀರಕ್ಕೆ ಮತ್ತೊಂದು ಭಾರಿ ಚಂಡಮಾರುತ ಬಂದಿತು. ಈ ಸಲ ಮುನ್ಸೂಚನೆ ಮೊದಲೇ ತಲುಪಿತ್ತು. ಲಕ್ಷಕ್ಕೂ ಹೆಚ್ಚು ಜನರನ್ನು ಸುರಕ್ಷಿತ ಸ್ಥಳಗಳಿಗೆ ಕಳಿಸಿದ್ದರು. ಆಗಲೂ ಸುಮಾರು 1,000 ಜನ ಸತ್ತರು. ಆದರೆ ಅದು ಹಿಂದಿನ ಹತ್ತರಲ್ಲಿ ಒಂದು ಪಾಲು.

ಗಾಳಿಯನ್ನು ನಾವು ನಿಲ್ಲಿಸಲಾರೆವು. ಎಚ್ಚರಿಕೆ ಕೇಳಿದೊಡನೆ ಹೊರಟರೆ ಜೀವ ಉಳಿಯುತ್ತದೆ. ಜೀವ ಉಳಿದರೆ ಮನೆಯನ್ನು ಮತ್ತೆ ಕಟ್ಟಬಹುದು.