ಇಂಗ್ಲಿಷ್ ವಿಭಾಗದ ಮಗ್ಗುಲಲ್ಲೊಂದು ಕೇಂದ್ರ

1964ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗದೊಳಗೆ ಒಂದು ಪುಟ್ಟ ಸಂಶೋಧನಾ ಕೇಂದ್ರ ಶುರುವಾಯಿತು. ಹೆಸರು, ಸಮಕಾಲೀನ ಸಾಂಸ್ಕೃತಿಕ ಅಧ್ಯಯನ ಕೇಂದ್ರ. ಆರಂಭದಲ್ಲೇ ಎರಡು ಕಡೆಯಿಂದ ಪತ್ರ ಬಂದವೆಂದು ಅಲ್ಲಿ ದುಡಿದ ಸ್ಟುವರ್ಟ್ ಹಾಲ್ ಮುಂದೆ ನೆನಪಿಸಿಕೊಂಡಿದ್ದಾರೆ. ನಿಮ್ಮನ್ನು ಸ್ವಾಗತಿಸುವುದು ಕಷ್ಟ, ನಮ್ಮ ದಾರಿಗೆ ಅಡ್ಡ ಬರದಿದ್ದರೆ ಸಾಕು ಎಂಬುದು ಇಂಗ್ಲಿಷ್ ಅಧ್ಯಾಪಕರ ಧಾಟಿ. ನೀವು ಮಾಡಹೊರಟಿರುವುದು ಸಮಾಜಶಾಸ್ತ್ರ ಎಂದು ಮಾತ್ರ ಭಾವಿಸಬೇಡಿ ಎಂಬುದು ಸಮಾಜಶಾಸ್ತ್ರಜ್ಞರ ಧಾಟಿ.

ಕೇಂದ್ರವನ್ನು ಕಟ್ಟಿದವರು ರಿಚರ್ಡ್ ಹಾಗರ್ಟ್. ಲೀಡ್ಸ್ ನಗರದ ಕಾರ್ಮಿಕರ ಕೇರಿಯಲ್ಲಿ, ತಂದೆತಾಯಿ ಇಲ್ಲದೆ, ಅಜ್ಜಿಯ ಆಸರೆಯಲ್ಲಿ ಬೆಳೆದವರು. ಹಲ್ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣದಲ್ಲಿ ಹತ್ತಾರು ವರ್ಷ ಪಾಠ ಹೇಳಿದವರು. ಅವರ ‘ದಿ ಯೂಸಸ್ ಆಫ್ ಲಿಟರಸಿ’ 1957ರಲ್ಲಿ ಬಂತು. ಶೇಕ್ಸ್‌ಪಿಯರನ ನಾಟಕಕ್ಕೆ ಕೊಡುವ ಸೂಕ್ಷ್ಮ ಓದನ್ನೇ ಅವರು ಅಗ್ಗದ ವಾರಪತ್ರಿಕೆ, ಜನಪ್ರಿಯ ಹಾಡು, ಕ್ಲಬ್ಬಿನ ಮಾತುಕತೆಗಳಿಗೂ ಕೊಟ್ಟಿದ್ದರು. ಬರ್ಮಿಂಗ್‌ಹ್ಯಾಮಿಗೆ ಪ್ರಾಧ್ಯಾಪಕರಾಗಿ ಬಂದಾಗ ಆ ಕೆಲಸವನ್ನು ಮುಂದುವರಿಸಲು ಒಂದು ನೆಲೆ ಕೇಳಿದರು. ವಿಶ್ವವಿದ್ಯಾಲಯ ಒಪ್ಪಿತು, ಆದರೆ ಹಣ ಹೊರಗಿನಿಂದ ಬರಬೇಕಾಗಿತ್ತು.

ಹಣ ಬಂದದ್ದು ಪೆಂಗ್ವಿನ್ ಪ್ರಕಾಶನದ ಅಲೆನ್ ಲೇನ್ ಅವರಿಂದ. ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿ ಅಶ್ಲೀಲವೆಂದು 1960ರಲ್ಲಿ ಪೆಂಗ್ವಿನ್ ಮೇಲೆ ಮೊಕದ್ದಮೆ ಹೂಡಿದಾಗ ಹಾಗರ್ಟ್ ಅದರ ಪರವಾಗಿ ಸಾಕ್ಷಿ ಹೇಳಿದ್ದರು. ಪೆಂಗ್ವಿನ್ ಗೆದ್ದಿತು, ಕಾದಂಬರಿ ಲಕ್ಷಗಟ್ಟಲೆ ಖರ್ಚಾಯಿತು. ಆ ಪ್ರಕಾಶಕರ ನೆರವಿನಿಂದಲೇ ಹಾಗರ್ಟ್ ಹಾಲ್ ಅವರನ್ನು ಕರೆತರಲು ಸಾಧ್ಯವಾಯಿತು. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿ, 1951ರಲ್ಲಿ ಆಕ್ಸ್‌ಫರ್ಡಿಗೆ ಓದಲು ಬಂದು, ‘ನ್ಯೂ ಲೆಫ್ಟ್ ರಿವ್ಯೂ’ ಪತ್ರಿಕೆಯ ಮೊದಲ ಸಂಪಾದಕರಾಗಿದ್ದವರು ಹಾಲ್. 1960ರ ದಶಕದ ಕೊನೆಗೆ ಹಾಗರ್ಟ್ ಯುನೆಸ್ಕೋಗೆ ಹೊರಟಾಗ ಕೇಂದ್ರದ ಹೊಣೆ ಹಾಲ್ ಅವರ ಹೆಗಲೇರಿತು. 1979ರವರೆಗೂ ಅವರೇ ನಡೆಸಿದರು.

ಹಾಲ್ ಅವರ ಕಾಲದಲ್ಲಿ ಅಧ್ಯಾಪಕರ ಸಂಖ್ಯೆ ಮೂರು ದಾಟಲಿಲ್ಲ. ವಿದ್ಯಾರ್ಥಿಗಳೆಲ್ಲ ಸ್ನಾತಕೋತ್ತರ ಹಂತದವರು. ಸಾಹಿತ್ಯ, ಚರಿತ್ರೆ, ಸಮಾಜಶಾಸ್ತ್ರ ಹೀಗೆ ಒಬ್ಬೊಬ್ಬರು ಒಂದೊಂದು ಕಡೆಯಿಂದ ಬಂದಿದ್ದರು. ಆಂಟೋನಿಯೋ ಗ್ರಾಮ್ಶಿ, ಲೂಯಿ ಅಲ್ತೂಸರ್, ರೋಲಾ ಬಾರ್ತ್ ಮೊದಲಾದ ಚಿಂತಕರನ್ನು ಅಧ್ಯಾಪಕರೂ ವಿದ್ಯಾರ್ಥಿಗಳೂ ಒಟ್ಟಿಗೆ ಕೂತು ಓದಿದರು. ಮಾಧ್ಯಮ, ಯುವಜನ, ಮಹಿಳೆ, ಜನಾಂಗ ಹೀಗೆ ವಿಷಯಕ್ಕೊಂದು ಗುಂಪು ಹುಟ್ಟಿತು. ಗುಂಪಿನ ಬರಹಗಳನ್ನು ಸ್ಟೆನ್ಸಿಲ್ ಹಾಕಿ ಅಗ್ಗಕ್ಕೆ ಮಾರಿದರು. 1971ರಿಂದ ತಮ್ಮದೇ ಪತ್ರಿಕೆ ನಡೆಸಿದರು. ಪಿಎಚ್.ಡಿ. ಎಂದರೆ ಒಬ್ಬಂಟಿ ತಪಸ್ಸು ಎಂದು ನಂಬಿದ ಮಾನವಿಕ ವಿಭಾಗಗಳಲ್ಲಿ ಹೀಗೆ ಕೂಡಿ ಬರೆಯುವುದು ದೊಡ್ಡ ಧೈರ್ಯ. ಕೇಂದ್ರ ಜಗತ್ತಿಗೆ ಕೊಟ್ಟ ಸಿದ್ಧಾಂತಗಳಷ್ಟೇ ಬೆಲೆ ಈ ಪದ್ಧತಿಗೂ ಸಲ್ಲಬೇಕು.

ಈ ಪದ್ಧತಿ ಏನು ಮಾಡಬಲ್ಲುದು ಎಂಬುದಕ್ಕೆ ‘ಪೊಲೀಸಿಂಗ್ ದಿ ಕ್ರೈಸಿಸ್’ ಪುಸ್ತಕವನ್ನು ನೋಡಬೇಕು. 1972ರ ನವೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನದೇ ಹ್ಯಾಂಡ್ಸ್‌ವರ್ತ್ ಬಡಾವಣೆಯಲ್ಲಿ ಮೂವರು ಹುಡುಗರು ಒಬ್ಬನನ್ನು ಹೊಡೆದು ದೋಚಿದರು. ಮರುವರ್ಷ ಒಬ್ಬನಿಗೆ 20 ವರ್ಷ, ಉಳಿದಿಬ್ಬರಿಗೆ ತಲಾ 10 ವರ್ಷ ಶಿಕ್ಷೆಯಾಯಿತು. ಶಿಕ್ಷೆಯ ಈ ಪ್ರಮಾಣ ಕೇಂದ್ರದವರನ್ನು ಕಲಕಿತು. ಅವರು ಕೇಳಿಕೊಂಡ ಪ್ರಶ್ನೆ ಹುಡುಗರು ಯಾಕೆ ದೋಚಿದರು ಎಂಬುದಷ್ಟೇ ಅಲ್ಲ, ಸಮಾಜ ಇಷ್ಟು ಬೆಚ್ಚಿಬಿದ್ದದ್ದು ಯಾಕೆ ಎಂಬುದು. ಪತ್ರಿಕೆಯ ಶೀರ್ಷಿಕೆ, ಓದುಗರ ಪತ್ರ, ನ್ಯಾಯಾಧೀಶರ ಮಾತು, ಪೊಲೀಸರ ಅಂಕಿಅಂಶ ಎಲ್ಲವನ್ನೂ ಎದುರುಬದುರು ಇಟ್ಟು ಓದಿದರು. ಹಳೆಯ ಕಾಲದಿಂದ ಇದ್ದ ಬೀದಿ ಸುಲಿಗೆ ದಿಢೀರನೆ ಹೊಸ ಪಿಡುಗಾಗಿ, ಅದೂ ಕಪ್ಪು ಯುವಕರ ಪಿಡುಗಾಗಿ ಕಾಣಿಸಿದ್ದು ಹೇಗೆ? ಆರ್ಥಿಕ ಬಿಕ್ಕಟ್ಟಿನ ದಿಗಿಲಿಗೆ ಸಿಕ್ಕ ಮುಖ ಅದು ಎಂದು ಅವರು ವಾದಿಸಿದರು. 1978ರಲ್ಲಿ ಬಂದ ಆ ಪುಸ್ತಕಕ್ಕೆ ಐವರು ಲೇಖಕರು. ಪತ್ರಿಕೆಯನ್ನು ಓದುವ ಕಣ್ಣು ಸಾಹಿತ್ಯದಿಂದ, ಕಾನೂನು ಮತ್ತು ಪ್ರಭುತ್ವವನ್ನು ಅಳೆಯುವ ಹತಾರ ಸಮಾಜಶಾಸ್ತ್ರ, ಚರಿತ್ರೆಗಳಿಂದ ಬಂದವು. ಒಂದೇ ವಿಭಾಗದ ಗೋಡೆಯೊಳಗೆ ಅಂಥ ಪುಸ್ತಕ ಹುಟ್ಟುವುದು ಕಷ್ಟ.

ಅದರ ಹಿಂದಿನ ವರ್ಷ ಕೇಂದ್ರದವರೇ ಆದ ಪಾಲ್ ವಿಲ್ಲಿಸ್ ಅವರ ‘ಲರ್ನಿಂಗ್ ಟು ಲೇಬರ್’ ಬಂದಿತ್ತು. ಶಾಲೆಯನ್ನು ಧಿಕ್ಕರಿಸುವ ಕಾರ್ಮಿಕ ವರ್ಗದ ಹನ್ನೆರಡು ಹುಡುಗರು ಆ ಧಿಕ್ಕಾರದ ಮೂಲಕವೇ ಕಾರ್ಖಾನೆಗೆ ತಯಾರಾಗುವುದನ್ನು ವಿಲ್ಲಿಸ್ ಹತ್ತಿರದಿಂದ ಕಂಡರು. ಶಿಕ್ಷಣದ ಬಗ್ಗೆ ಯೋಚಿಸುವವರು ಇಂದಿಗೂ ಓದಬೇಕಾದ ಪುಸ್ತಕ ಅದು.

ಕೇಂದ್ರದೊಳಗೂ ಜಗಳಗಳಿದ್ದವು. ವರ್ಗದ ಬಗ್ಗೆ ಅಷ್ಟು ಮಾತಾಡುವಲ್ಲಿ ಹೆಣ್ಣುಮಕ್ಕಳ ದನಿ ಎಲ್ಲಿ ಎಂದು ಮಹಿಳಾ ಅಧ್ಯಯನ ಗುಂಪು ಕೇಳಿತು. ಆ ಪ್ರಶ್ನೆ 1978ರಲ್ಲಿ ‘ವಿಮೆನ್ ಟೇಕ್ ಇಶ್ಯೂ’ ಎಂಬ ಪುಸ್ತಕವಾಯಿತು. ಪಾಲ್ ಗಿಲ್ರಾಯ್, ಹೇಜಲ್ ಕಾರ್ಬಿ ಮುಂತಾದವರು 1982ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ನಲ್ಲಿ ಜನಾಂಗದ ಪ್ರಶ್ನೆಯನ್ನು ಅಷ್ಟೇ ಕಟುವಾಗಿ ಎತ್ತಿದರು. ತನ್ನನ್ನೇ ಪ್ರಶ್ನಿಸುವ ಬರಹವನ್ನು ತನ್ನ ಹೆಸರಿನಲ್ಲೇ ಹೊರತರುವ ಸಂಸ್ಥೆಗಳು ವಿರಳ.

ಈ ಕೇಂದ್ರದ ವಿಚಾರಗಳು ಬೆಂಗಳೂರಿಗೂ ಬಂದವು. 1990ರ ದಶಕದಲ್ಲಿ ವಿದ್ವಾಂಸೆ ತೇಜಸ್ವಿನಿ ನಿರಂಜನ ಮತ್ತು ಗೆಳೆಯರು ಸೇರಿ ಕಟ್ಟಿದ ‘ಸೆಂಟರ್ ಫಾರ್ ದಿ ಸ್ಟಡಿ ಆಫ್ ಕಲ್ಚರ್ ಅಂಡ್ ಸೊಸೈಟಿ’ ಸಾಂಸ್ಕೃತಿಕ ಅಧ್ಯಯನವನ್ನೇ ಕೇಂದ್ರವಾಗಿಟ್ಟುಕೊಂಡಿತು. ಅದು ಬರ್ಮಿಂಗ್‌ಹ್ಯಾಮಿನ ನಕಲಾಗಿರಲಿಲ್ಲ. ಸಿನಿಮಾ, ಜಾತಿ, ಲಿಂಗತ್ವ, ಕಾನೂನುಗಳಂಥ ಇಲ್ಲಿನ ಪ್ರಶ್ನೆಗಳೇ ಅದರ ಪಠ್ಯವಾಗಿದ್ದವು. ತೇಜಸ್ವಿನಿಯವರು ಭಾರತ ಮತ್ತು ಟ್ರಿನಿಡಾಡ್ ನಡುವಿನ ಸಂಗೀತ, ವಲಸೆ, ಹೆಣ್ಣಿನ ಕಲ್ಪನೆಗಳ ಬಗ್ಗೆ ಬರೆದ ಪುಸ್ತಕ 2006ರಲ್ಲಿ ಪ್ರಕಟವಾಯಿತು.

ಬರ್ಮಿಂಗ್‌ಹ್ಯಾಮಿನ ಕೇಂದ್ರ ಮುಂದೆ ಸ್ವತಂತ್ರ ವಿಭಾಗವಾಗಿ ಬೆಳೆದು ಪದವಿ ತರಗತಿಗಳನ್ನೂ ನಡೆಸಿತು. 2001ರ ರಾಷ್ಟ್ರೀಯ ಸಂಶೋಧನಾ ಮೌಲ್ಯಮಾಪನದಲ್ಲಿ ವಿಭಾಗಕ್ಕೆ ನಿರೀಕ್ಷೆಗಿಂತ ಕಡಿಮೆ ದರ್ಜೆ ಬಂತು. ಮರುವರ್ಷದ ಬೇಸಿಗೆಯಲ್ಲಿ ಆಡಳಿತ ಅದನ್ನು ಮುಚ್ಚುವ ತೀರ್ಮಾನ ಪ್ರಕಟಿಸಿತು. ವಿದ್ಯಾರ್ಥಿಗಳು ಪ್ರತಿಭಟಿಸಿದರು, ಹಲವು ದೇಶಗಳ ವಿದ್ವಾಂಸರು ಪತ್ರ ಬರೆದರು, ನಿರ್ಧಾರ ಬದಲಾಗಲಿಲ್ಲ. ಒಂದು ಸುತ್ತಿನ ದರ್ಜೆಗೆ ಸುಮಾರು ನಾಲ್ಕು ದಶಕಗಳ ಪರಂಪರೆಯನ್ನು ಬಲಿಕೊಟ್ಟದ್ದು ಅನ್ಯಾಯ. ಮೌಲ್ಯಮಾಪನ ಸಮಿತಿಗಳು ವಿಷಯವಾರು ಕೂತಿರುತ್ತವೆ, ವಿಷಯಗಳ ಗಡಿಯಲ್ಲಿ ನಡೆಯುವ ಕೆಲಸವನ್ನು ಅಳೆಯುವ ಕೋಲು ಅವುಗಳ ಬಳಿ ಇರುವುದು ಅಪರೂಪ. ಕೇಂದ್ರದ ಕಾಗದಪತ್ರಗಳು ಈಗ ಅದೇ ವಿಶ್ವವಿದ್ಯಾಲಯದ ಕ್ಯಾಡ್ಬರಿ ರಿಸರ್ಚ್ ಲೈಬ್ರರಿಯಲ್ಲಿವೆ. ಅಗ್ಗದ ಸ್ಟೆನ್ಸಿಲ್ ಪ್ರತಿಗಳಲ್ಲಿ ಹಂಚಿಕೆಯಾಗಿದ್ದ ಬರಹಗಳಲ್ಲಿ ಆಯ್ದವನ್ನು 2007ರಲ್ಲಿ ಎರಡು ದಪ್ಪ ಸಂಪುಟಗಳಾಗಿ ಮರುಮುದ್ರಿಸಲಾಯಿತು.