ಅರೇ ತಪ್ಪಿಗೆ ಟ್ರೈ–ಕ್ಯಾಚ್ ಮದ್ದೇ?

ಪ್ರಶ್ನೆ: ಜಾವಾದಲ್ಲಿ ಐದು ಅಂಕಗಳ ಅರೇ ಓದಿಸುವಾಗ ‘ಅರೇ ಇಂಡೆಕ್ಸ್ ಔಟ್ ಆಫ್ ಬೌಂಡ್ಸ್’ ಎಂದು ಪ್ರೋಗ್ರಾಂ ನಿಂತುಬಿಡುತ್ತದೆ. ಟ್ರೈ–ಕ್ಯಾಚ್ ಹಾಕಿದರೆ ಸಾಕೇ?

ಉತ್ತರ: ಪ್ರೋಗ್ರಾಂ ನಿಲ್ಲದಿರಬಹುದು, ಆದರೆ ತಪ್ಪು ಹಾಗೇ ಉಳಿಯುತ್ತದೆ. ಅರೇಯ ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಐದು ಮನೆಗಳಲ್ಲಿ ಕೊನೆಯದು 4. ಬಹುಶಃ ನಿಮ್ಮ ಲೂಪಿನಲ್ಲಿ ‘ಲೆಂಗ್ತ್‌ಗಿಂತ ಕಡಿಮೆ’ ಎನ್ನಬೇಕಾದಲ್ಲಿ ‘ಕಡಿಮೆ ಅಥವಾ ಸಮ’ ಎಂದು ಬರೆದಿದ್ದೀರಿ. ಕಾಣಿಸಿಕೊಂಡ ಸಂದೇಶಕ್ಕೆ ಹೆದರದೆ ಅದನ್ನು ಪೂರ್ತಿ ಓದಿ: ಕೇಳಿದ ಸಂಖ್ಯೆ, ಈಚಿನ ಆವೃತ್ತಿಗಳಲ್ಲಾದರೆ ಅರೇಯ ಉದ್ದ, ಸಾಮಾನ್ಯವಾಗಿ ಎಡವಿದ ಸಾಲಿನ ಸಂಖ್ಯೆಯೂ ಅಲ್ಲಿರುತ್ತವೆ. ಸಿ ಭಾಷೆ ಇಷ್ಟು ಉಪಕಾರ ಮಾಡುವುದಿಲ್ಲ. ಗಡಿ ದಾಟಿದರೂ ಸುಮ್ಮನಿದ್ದು ಪಕ್ಕದ ಮೆಮೊರಿಯ ಕಸವನ್ನೇ ಅಂಕವೆಂದು ತೋರಿಸೀತು.

ಈ ಎಕ್ಸೆಪ್ಷನ್ನನ್ನು ಹಿಡಿಯಲೇಬೇಕೆಂದು ಜಾವಾ ಕಂಪೈಲರ್ ಒತ್ತಾಯಿಸುವುದಿಲ್ಲ. ತಿದ್ದಬೇಕಾದದ್ದು ಕೋಡನ್ನೇ. ಮನೆಯ ಸಂಖ್ಯೆಯನ್ನು ಬಳಕೆದಾರರು ಟೈಪ್ ಮಾಡುವುದಾದರೆ ಮೊದಲು ‘ಇಫ್’ನಿಂದ ಪರೀಕ್ಷಿಸಿ. ಅವರು 3ರ ಬದಲು ‘ಮೂರು’ ಎಂದು ಬರೆದರೆ, ತೆರೆಯಬೇಕಾದ ಫೈಲೇ ಇಲ್ಲದಿದ್ದರೆ, ಅಲ್ಲಿ ಟ್ರೈ–ಕ್ಯಾಚ್ ಸರಿ. ಖಾಲಿ ಕ್ಯಾಚ್ ಬ್ಲಾಕ್ ಮಾತ್ರ ಬರೆಯಲೇಬೇಡಿ.

ಮುಂದೆ ‘ಸ್ಟೂಡೆಂಟ್’ನಂಥ ಕ್ಲಾಸಿನ ಅರೇ ಮಾಡಿದರೆ, ಆಗ ಐದು ಮನೆಗಳಿದ್ದರೂ ಎಲ್ಲದರಲ್ಲೂ ಇರುವುದು ನಲ್. ಪ್ರತಿ ಮನೆಗೂ ‘ನ್ಯೂ’ ಬಳಸಿ ಆಬ್ಜೆಕ್ಟ್ ತುಂಬದೆ ಹೆಸರು ಕೇಳಿದರೆ ನಲ್ ಪಾಯಿಂಟರ್ ಎಕ್ಸೆಪ್ಷನ್ ಎದುರಾಗುತ್ತದೆ.